ಅರ್ತ್ ವೈರ್ ಹಿಡಿದ ಬೀಗರು

ಮೊನ್ನೆ ಚಿಕ್ಕಮಗಳೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಕಾಯುತ್ತ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಮಲ್ಲಿಗೆಯ ವಾಸನೆಗೆ ನಿಮಗೆ ನಿಮ್ಮ ಮದುವೆ ನೆನಪಾಗಬಹುದು; ಈ ಸುಟ್ಟ ರಾಳದ ವಾಸನೆಗೆ ನನಗೆ ಆಗದೇ ಹೋದ ಮದುವೆಯೊಂದು ನೆನಪಾಗುತ್ತದೆ.

ತೊಂಬತ್ತರ ದಶಕದ ಮಾತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕಳಸದ ಹತ್ತಿರ ನಮ್ಮ ಮನೆಯಲ್ಲಿ ಕೂತಿದ್ದೆ. ಮನೆಯವರ ಪ್ರಕಾರ ಮದುವೆಗೆ ಕಾಯುತ್ತಿದ್ದೆ. ನನ್ನ ಪ್ರಕಾರ ರೇಡಿಯೋ ಕಟ್ಟುತ್ತಿದ್ದೆ. ಪೈಪಿನ ತುಂಡಿಗೆ ತಾಮ್ರದ ತಂತಿ ಸುತ್ತಿ, ತುದಿಗಳಿಗೆ ಬೆಸುಗೆ ಹಾಕಿ, ಏರಿಯಲ್ಲನ್ನು ಕಿಟಕಿಯಿಂದಾಚೆ ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೆ ಕಟ್ಟಿ, ಅರ್ತಿನ ತಂತಿಯನ್ನು ಹಸಿಮಣ್ಣಿಗೆ ಚುಚ್ಚಿದ ಮೇಲೆ, ಇಯರ್‌ಫೋನಿನಲ್ಲಿ ಡಬ್ಬಿಗೆ ಸಿಕ್ಕ ಜೀರುಂಡೆಯಂತೆ ಒಂದೇ ಒಂದು ಸ್ಟೇಷನ್ ಮಾತಾಡುತ್ತಿತ್ತು.

ಅಮ್ಮ ಕೇಳಿ ನೋಡಿ, “ಅಂಗಡೀಲಿ ಸಿಗೋದನ್ನ ಇಷ್ಟು ಕೆಟ್ಟದಾಗಿ ಮಾಡಕ್ಕೆ ಅಷ್ಟು ಓದ್ಬೇಕಿತ್ತೇನೇ?” ಎಂದಳು.

ಆಗಲೇ ಮೂಡಿಗೆರೆ ಕಡೆಯ ಗೌಡರೊಬ್ಬರು ಹೆಂಡತಿ, ಮಗನನ್ನು ಕರೆದುಕೊಂಡು ನನ್ನನ್ನು ನೋಡಲು ಬಂದರು. ಹುಡುಗನ ತಾಯಿ ಹಾಡು ಬರುತ್ತದೆಯೇ ಎಂದು ಕೇಳಿದರು. ನನ್ನ ಹಾಡು ಕೇಳಿದವರು ಯಾರೂ ಎರಡನೇ ಸಲ ಕೇಳಿದ್ದಿಲ್ಲ. ಹಾಡು ಬರಲ್ಲ, ರೇಡಿಯೋ ಮಾಡಿದ್ದೇನೆ ಎಂದುಬಿಟ್ಟೆ. ಅಮ್ಮ ಕಾಫಿ ತಟ್ಟೆಯನ್ನೇ ದಿಟ್ಟಿಸಿದಳು. ಗೌಡರು ಮಾತ್ರ ತೋರಿಸು ಎಂದರು.

ರೇಡಿಯೋ ನಡುಮನೆಗೆ ಬಂತು. ಆದರೆ ಅರ್ತಿನ ತಂತಿ ಅಂಗಳ ಮುಟ್ಟಲಿಲ್ಲ. ಯಾರಾದರೂ ಅದನ್ನು ಕೈಯಲ್ಲಿ ಹಿಡಿದರೂ ಆದೀತು, ಮೈಯೇ ನೆಲಕ್ಕೆ ದಾರಿಯಾಗುತ್ತದೆ ಎಂದೆ. ಗೌಡರು ಇಯರ್‌ಫೋನ್ ಕಿವಿಗಿಟ್ಟುಕೊಂಡು ತಂತಿಯನ್ನು ಮಗನಿಗೆ ಕೊಟ್ಟರು. ಅವನು ನೈಲಾನ್ ಕಾಲುಚೀಲ ಹಾಕಿದ್ದ. ರೇಡಿಯೋ ಕೆಮ್ಮಲೂ ಇಲ್ಲ. ಬೇಸತ್ತ ಗೌಡರು ಕಿತ್ತುಕೊಂಡು ತಾವೇ ಹಿಡಿದರು. ಬರಿಗಾಲು, ತಣ್ಣನೆಯ ನೆಲ. ಅವರ ಮುಖ ಅರಳಿತು. ಹೆಂಡತಿ ಜಾತಕದ ಮಾತೆತ್ತಿದರೆ ಸುಮ್ಮನಿರುವಂತೆ ಕೈಸನ್ನೆ. ಅಪ್ಪ ಕಾಫಿ ಎಂದರೆ ಮತ್ತೆ ಕೈಸನ್ನೆ. ಹುಡುಗ ನನ್ನೊಂದಿಗೆ ಆಡಿದ್ದು ಒಂದೇ ಮಾತು: ಇದರಲ್ಲಿ ಕ್ರಿಕೆಟ್ ಬರುತ್ತದೆಯೇ?

ವಾರದೊಳಗೆ ಉತ್ತರ ಬಂತು. ಅವರಿಗೆ ಬೇಕಿದ್ದುದು ಸೊಸೆಯಂತೆ, ಮೆಕ್ಯಾನಿಕ್ ಅಲ್ಲವಂತೆ. ನಾನು ನಕ್ಕೆ. ಆದರೆ ಅಪ್ಪ ಊಟಕ್ಕೆ ಕೂತಾಗ ನನ್ನತ್ತ ನೋಡುವುದನ್ನೇ ಬಿಟ್ಟರು. ಮರದಿಂದ ಏರಿಯಲ್ ಬಿಚ್ಚಿ, ರೇಡಿಯೋವನ್ನು ಅಟ್ಟಕ್ಕೆ ಹಾಕಿದೆ.

ಕೆಲವು ದಿನಗಳ ನಂತರ ಅಂಗಳದಲ್ಲಿ ಜೀಪು ನಿಂತಿತು. ಗೌಡರೊಬ್ಬರೇ ಇಳಿದರು. ಕಂಕುಳಲ್ಲಿ ಟವೆಲ್ ಸುತ್ತಿದ ದೊಡ್ಡ ರೇಡಿಯೋ. ಅಪ್ಪ ಬಾಗಿಲಿಗೆ ಬಂದು ನಿಂತರು. ಗೌಡರು ನನ್ನತ್ತ ತಿರುಗಿದರು.

“ಸಂಬಂಧ ಬೇಡ ಅಂದಿದ್ದು ನಮ್ಮನೆಯವ್ರು ಕಣಮ್ಮಾ. ರೇಡಿಯೋ ಕೆಟ್ಟಿರೋದು ನಂದು.”

ಜಗಲಿಯ ನೆಲದ ಮೇಲೆ ಕೂತು ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಇರುವೆಗಳು ಸಂಸಾರ ಹೂಡಿದ್ದವು. ಅವನ್ನು ಊದಿ ಕಳಿಸಿ, ಬಿಟ್ಟುಹೋದ ತಂತಿಯೊಂದನ್ನು ಹುಡುಕುತ್ತಿದ್ದೆ. ಅಪ್ಪ ಒಳಗೆ ಹೋಗಿ, ಬಂದ ನೆಂಟರಿಗಷ್ಟೇ ಹಾಕುತ್ತಿದ್ದ ಬೆತ್ತದ ಕುರ್ಚಿ ಹೊತ್ತು ತಂದರು. ಗೌಡರು ಕೂರಲು ಮುಂದಾದರು.

“ಸ್ವಲ್ಪ ನಿಲ್ಲಿ ಗೌಡ್ರೇ,” ಎಂದರು ಅಪ್ಪ, ಕುರ್ಚಿಯನ್ನು ನನ್ನ ಕಡೆ ಸರಿಸುತ್ತ. “ಕೆಲ್ಸ ಮಾಡೋರು ಕೂತ್ಕೊಳ್ಳಿ.”