ಎಣ್ಣೆ ಕಲೆಯ ಗೋಡೆ

ಮೊನ್ನೆ ಮಳೆಗೆ ನೆಂದ ಗೋಣಿಚೀಲವನ್ನು ಸೊಸೆ ಒಳಗೆ ತಂದಿಟ್ಟಳು. ಆ ವಾಸನೆಗೆ ನಾಟಕದ ಮಾಸ್ತರು ನೆನಪಾದರು. ಅವರು ಸತ್ತು ಎಷ್ಟು ವರ್ಷವಾಯಿತೋ…

ಊರಿಗೆ ಅಲ್ಲೊಂದು ಇಲ್ಲೊಂದು ಟಿ.ವಿ. ಬಂದ ಕಾಲ. ನಮ್ಮೂರವರಿಗೆ ನಾಟಕ ಕಲಿಸಲು ಮಾಸ್ತರು ಕೊಟ್ಟೂರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾಟಕಕ್ಕೆ ಬಡವಿಯೊಬ್ಬಳ ಮನೆ ಬೇಕಿತ್ತು. ಬಾಡಿಗೆಗೆ ತಂದ ಪರದೆಯ ಮೇಲೆ ಸೋಫಾ ಬರೆದಿತ್ತು. ಅದನ್ನು ಸುತ್ತಿಡಿಸಿ ನನ್ನ ಹತ್ತಿರ ಬಂದರು. ಮಣ್ಣು ಮೆತ್ತುವುದು, ಸುಣ್ಣ ಬಳಿಯುವುದು ನನ್ನ ಕೂಲಿ.

“ಅಕ್ಕಾರ, ಒಂದು ಗೋಡಿ ಮಾಡಿಕೊಡ್ರಿ. ನಾಟಕ ಮುಗಿಯೋತನ ನಿಂತ್ರ ಸಾಕು.”

“ನಿಮ್ಮ ನಾಟಕ ನೆಟ್ಟಗ ನಿಂತ್ರ ಸಾಕು, ಗೋಡಿ ನಿಲ್ಲತೈತಿ” ಅಂದೆ.

ಬಿದಿರಿಗೆ ಗೋಣಿಚೀಲ ಹೊಲಿದು, ಕೆಮ್ಮಣ್ಣು ಸಗಣಿ ಮೆತ್ತಿ, ಸುಣ್ಣ ಬಳಿದೆ. ಮಾಸ್ತರು ದೂರ ನಿಂತು ನೋಡಿದರು.

“ಚಂದ ಐತಿ. ಆದ್ರ ಇಲ್ಲಿ ಯಾರೂ ಬಾಳೇವು ಮಾಡಿಲ್ಲ. ನಿಮ್ಮ ಮನಿ ಗೋಡಿ ಮ್ಯಾಲೆ ಐತಲ್ಲ, ಅಂಥಾ ಎಣ್ಣಿ ಕಲಿ ಇದಕ್ಕ ಬೇಕು.”

ಆ ಕಲೆ ನನ್ನ ಮಗಳದು. ಎಣ್ಣೆ ಹಚ್ಚಿದ ತಲೆಯನ್ನು ಗೋಡೆಗೆ ಆನಿಸಿ ಕೂತು ಶೇಂಗಾ ಸುಲಿಯುತ್ತಿದ್ದಳು. ಜ್ವರದಲ್ಲಿ ಹೋದಳು. ಹಬ್ಬಕ್ಕೆ ಸುಣ್ಣ ಬಳಿಯುವಾಗ ನಾನು ಅದೊಂದನ್ನು ಬಿಡುತ್ತಿದ್ದೆ. “ಊರಿಗೆಲ್ಲ ಬಳೀತಾಳ, ತನ್ನ ಗೋಡಿಗೆ ಸುಣ್ಣ ಸಾಲಲಿಲ್ಲೇನು” ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಹಿಂದೊಮ್ಮೆ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಅದು ಯಾರದೆಂದು ಕೇಳಿದವರು ಮಾಸ್ತರು ಒಬ್ಬರೇ.

“ಅದು ನಾಟಕದ ಸಾಮಾನಲ್ಲರಿ” ಅಂದೆ.

“ಗೊತ್ತೈತಿ. ಬ್ಯಾಡಂದ್ರ ಬಿಡ್ರಿ.”

ಬಿಡಬಹುದಿತ್ತು… ಮರುದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಿ ಆ ಗೋಣಿ ಗೋಡೆಗೆ ಆನಿಸಿ ಕೂತೆ. ಮಧ್ಯಾಹ್ನದವರೆಗೆ ಶೇಂಗಾ ಸುಲಿದೆ. ಮಾಸ್ತರು ತಾವೂ ಒಂದು ಮೊರ ಹಿಡಿದು ಎದುರಿಗೆ ಕೂತು ಸುಲಿದರು.

ನಾಟಕದ ದಿನ ಪಾತ್ರ ಮಾಡುವವರು ಯಾರೋ ಕಲೆ ಕಂಡು, ಊರ ಮಾನ ಹೋದೀತೆಂದು ಅದರ ಮೇಲೆ ಸುಣ್ಣ ಬಳಿದುಬಿಟ್ಟಿದ್ದರು. ಮಾಸ್ತರು ಬೈಯತೊಡಗಿದರು. “ಸುಮ್ಕಿರ್ರಿ ಮಾಸ್ತರ, ಎಣ್ಣಿ ಎಲ್ಲಿ ಹೋಗತೈತಿ” ಅಂದೆ. ಸುಣ್ಣ ಒಣಗಿತು. ಎರಡನೇ ಅಂಕದ ಹೊತ್ತಿಗೆ ಕಲೆ ಮೇಲೆದ್ದಿತ್ತು. ಜನ ನಾಟಕ ನೋಡಿದರು. ನಾನು ಗೋಡೆ ನೋಡಿದೆ. ಅಳು ಬರಲಿಲ್ಲ.

ಮುಂದಿನ ಹಬ್ಬಕ್ಕೆ ನಮ್ಮ ಗೋಡೆಗೂ ಪೂರ್ತಿ ಬಳಿದೆ. ಕಲೆ ಮೇಲೆ ಬಂತು. ಪ್ರತಿ ವರ್ಷ ಬಳಿದೆ, ಪ್ರತಿ ವರ್ಷ ಬಂತು.

ಈಗ ಮಗ ಆ ಗೋಡೆ ಕೆರೆಸಿ, ಸಿಮೆಂಟು ಹಾಕಿಸಿ ಪೇಂಟ್ ಹೊಡೆಸಿದ್ದಾನೆ. ಕಲೆ ಬಂದಿಲ್ಲ. ಬಂದರೂ, ಅದು ಯಾರದೆಂದು ಕೇಳುವವರು ಈಗ ಇಲ್ಲ.