ದೇವರ ಎಣ್ಣೆಯೂ ಫೋರ್ಕ್‌ಲಿಫ್ಟಿನ ಚಕ್ರವೂ

ಇವತ್ತು ಸುಬ್ರಹ್ಮಣ್ಯಕ್ಕೆ ಹೊರಡುವುದೆಂದು ಹಣ್ಣುಕಾಯಿಯ ಬಟ್ಟೆಚೀಲವನ್ನು ಕೊಡವಿದರೆ ಎಳ್ಳೆಣ್ಣೆಯ ಪರಿಮಳ ಬಂತು. ಅದರ ಹಿಡಿಯಲ್ಲಿ ಗ್ರೀಸಿನ ಕಪ್ಪು ಹೆಬ್ಬೆಟ್ಟಿನ ಗುರುತೊಂದಿದೆ. ಏಳೆಂಟು ಸಲ ಒಗೆದು ನೋಡಿ ಬಿಟ್ಟುಬಿಟ್ಟೆ. ದೇವರ ಚೀಲದಲ್ಲಿ ಗಂಡನ ಹೆಬ್ಬೆಟ್ಟು ಎಷ್ಟು ಹೆಂಗಸರಿಗೆ ಸಿಕ್ಕೀತು, ನೀವೇ ಹೇಳಿ.

ನಮ್ಮದು ಟಯರಿನ ಅಂಗಡಿ. ಕಡಬದಿಂದ ನೆಟ್ಟಣದ ಕಡೆಗೆ ಹೋಗುವಾಗ ಸಿಗುತ್ತದೆ. ಅಂಗಡಿಯ ಬೆನ್ನಿಗೇ ಮನೆ, ಎದುರಿಗೆ ಪ್ಲೈವುಡ್ ಗೋಡೌನು. ಅಲ್ಲಿ ಹಲಗೆಯ ಅಟ್ಟಿಗಳನ್ನು ಎತ್ತಿ ಲಾರಿಗಿಡುವ ಫೋರ್ಕ್‌ಲಿಫ್ಟ್ ಒಂದಿದೆ. ಆನೆಯ ಕೆಲಸ ಮಾಡುವ ಗಾಡಿ, ಚಕ್ರ ನೋಡಿದರೆ ಇಷ್ಟೇ ಇಷ್ಟು.

ಮದುವೆಯಾಗಿ ಬಂದ ಹೊಸತರಲ್ಲಿ ಅಂಗಡಿಯ ಮೂಲೆಯ ಕಬ್ಬಿಣದ ಗೂಡನ್ನು ನಾನು ಕೋಳಿಗೂಡೆಂದೇ ತಿಳಿದಿದ್ದೆ. ಕೋಳಿ ಇಲ್ಲವಲ್ಲ ಎಂದು ಅದರ ಮೇಲೆ ಹಲಸಿನ ಹಪ್ಪಳ ಒಣಗಲು ಹಾಕಿದೆ.

"ಇದು ಚಕ್ರಕ್ಕೆ ಮಾರಾಯ್ತಿ," ಎಂದರು ನಮ್ಮವರು. "ಗಾಳಿ ತುಂಬಿಸುವಾಗ ಒಡೆದ್ರೆ ತುಂಡು ಇದರೊಳಗೇ ನಿಲ್ಬೇಕು. ನನ್ನ ತಲೆಗೆ ಬರ್ಬಾರ್ದು."

ಹಪ್ಪಳ ಹೊಟ್ಟೆಗೆ ಹೋಯಿತು, ಮಾತು ತಲೆಗೆ ಹೋಗಲಿಲ್ಲ.

ಫೋರ್ಕ್‌ಲಿಫ್ಟಿನ ಚಕ್ರದೊಳಗಿನ ಕಬ್ಬಿಣ ಒಂದೇ ತುಂಡಲ್ಲ. ಮುಖಕ್ಕೆ ಮುಖ ಕೊಟ್ಟು ಕೂರಿಸಿದ ಎರಡು ತಟ್ಟೆಗಳು. ನಟ್ಟುಗಳೂ ಎರಡು ಸುತ್ತು. ಒಂದು ಸುತ್ತು ಚಕ್ರವನ್ನು ಗಾಡಿಗೆ ಹಿಡಿದಿರುತ್ತದೆ, ಇನ್ನೊಂದು ಸುತ್ತು ತಟ್ಟೆಗಳನ್ನು ಒಂದಕ್ಕೊಂದು. ಗಾಳಿ ಇರುವಾಗ ತಟ್ಟೆಯ ನಟ್ಟಿಗೆ ಕೈ ಹಾಕುವುದೆಂದರೆ ಆವಿ ಇಳಿಯದ ಕುಕ್ಕರಿನ ಮುಚ್ಚಳ ಎಳೆದಂತೆ. ಕುಕ್ಕರಾದರೆ ಅನ್ನ ಮನೆಯ ಮಾಡಿಗೆ ಹಾರುತ್ತದೆ, ಇದರಲ್ಲಿ ಆಳೇ. "ಮೊದಲು ಗಾಳಿ ತೆಗಿ, ಮತ್ತೆ ಮಾತಾಡು" ಎಂದು ನಮ್ಮವರು ಅಂಗಡಿಗೆ ಬಂದ ಡ್ರೈವರುಗಳಿಗೆಲ್ಲ ಹೇಳುವುದನ್ನು ಅಡುಗೆಮನೆಯಿಂದ ಕೇಳಿ ಕೇಳಿ ನನಗೂ ಬಾಯಿಪಾಠ.

ಚೀಲಕ್ಕೆ ಆ ಹೆಬ್ಬೆಟ್ಟು ಬಿದ್ದ ದಿನವೂ ಹೀಗೇ ಸುಬ್ರಹ್ಮಣ್ಯಕ್ಕೆ ಹೊರಟು ನಿಂತಿದ್ದೆವು. ಫೋರ್ಕ್‌ಲಿಫ್ಟಿನ ಡ್ರೈವರ್ ಲೋಕಯ್ಯಣ್ಣ ಓಡಿ ಬಂದರು.

"ಗೌಡ್ರೆ, ಎದುರಿನ ಚಕ್ರ ಕೂತಿದೆ. ಲೋಡು ಅರ್ಧದಲ್ಲಿ ಉಂಟು."

ನಮ್ಮವರು ಬಿಳಿ ಪಂಚೆಯನ್ನು ಎತ್ತಿ ಕಟ್ಟಿ ನಡೆದರು. ಹಿಂದೆ ಚೀಲ ಹಿಡಿದುಕೊಂಡು ನಾನು, ಬಾಯಿ ಸಮೇತ. ಯಾರ ಮೇಲೂ ತಪ್ಪು ಹೊರಿಸುವುದಿಲ್ಲ, ಅವಸರ ಮಾಡಿದ್ದು ನಾನೇ.

"ಮಹಾಪೂಜೆ ತಪ್ತದೆ."

"ಆಯ್ತು, ಆಯ್ತು."

"ಎಂತ ಆಯ್ತು? ಒಂದು ನಟ್ಟು ತೆಗಿಲಿಕ್ಕೆ ಎಷ್ಟು ಹೊತ್ತು?"

ಲೋಕಯ್ಯಣ್ಣ ನಕ್ಕರು. "ಹಾಗಾದ್ರೆ ನೀವೇ ತೆಗೀರಿ ಅಕ್ಕ. ಗೌಡ್ರು ಪೂಜೆಗೆ ಹೋಗ್ಲಿ."

ಗಾಡಿಯನ್ನು ಜಾಕಿನಲ್ಲಿ ಎತ್ತಿ ಮರದ ದಿಮ್ಮಿ ಕೊಟ್ಟಾಯಿತು. ಟಯರು ಕೂತಿತ್ತಲ್ಲ, ಗಾಳಿ ಪೂರ್ತಿ ಹೋಗಿದೆ ಎಂದುಕೊಂಡು ನಮ್ಮವರು ಸೀದಾ ಸ್ಪಾನರ್ ಹಾಕಿದರು. ತುಕ್ಕು ಹಿಡಿದ ನಟ್ಟು ಅಲುಗಲಿಲ್ಲ.

"ಎಣ್ಣೆ ಕೊಡು ಸ್ವಲ್ಪ," ಎಂದವರೇ ಚೀಲದ ಹಿಡಿಗೆ ಕೈ ಹಾಕಿದರು.

"ಅದು ದೀಪದ ಎಣ್ಣೆ! ನಟ್ಟಿಗಲ್ಲ."

"ಎರಡು ಹನಿ ಕಮ್ಮಿ ಆದ್ರೆ ದೇವರು ಕೋಪ ಮಾಡ್ತಾನಾ?"

"ಕುಪ್ಪಿ ಮುಟ್ಬೇಡಿ, ಕೈಯಿಡೀ ಗ್ರೀಸು. ನಾನೇ ಹಾಕ್ತೇನೆ."

ಚೀಲವನ್ನು ಬಿಡಿಸಿಕೊಂಡು, ತಪ್ಪಾಯ್ತಪ್ಪ ಸುಬ್ರಹ್ಮಣ್ಯ ಎನ್ನುತ್ತ ಬಗ್ಗಿ ಎಣ್ಣೆ ಬಿಟ್ಟೆ. ನನ್ನ ಕೈ ಎಂದೂ ಎರಡು ಹನಿಗೆ ನಿಂತದ್ದಲ್ಲ. ನಟ್ಟು ತೊಯ್ದು, ಎಣ್ಣೆ ತಟ್ಟೆಗಳ ಸಂದಿಗಿಳಿಯಿತು. ಅಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ಮತ್ತೊಂದು. ಮತ್ತೆ ನಾಲ್ಕು, ಕಾವಲಿಯ ಮೇಲಿನ ನೀರುದೋಸೆಯಲ್ಲಿ ಏಳುವ ಹಾಗೆ.

"ಇದೆಂತ, ಎಣ್ಣೆ ಕುದೀತದಲ್ಲ?" ಎಂದೆ.

ನಮ್ಮವರ ಕೈ ಅಲ್ಲೇ ನಿಂತಿತು. ಒಳಗೆ ಗಾಳಿ ಇತ್ತು. ಅವಸರದಲ್ಲಿ ಅವರು ಸ್ಪಾನರ್ ಹಾಕಿದ್ದು ತಟ್ಟೆಯ ನಟ್ಟಿಗೆ. ಅವರ ಮುಖ ಚಕ್ರದಿಂದ ಒಂದು ಗೇಣು ದೂರ. ಅದರ ಪಕ್ಕದಲ್ಲೇ ನನ್ನದು.

"ಆಚೆ ಹೋಗು," ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬದಿಗೆ ನಿಂತು ವಾಲ್ವಿನ ಪಿನ್ ತೆಗೆದರು. ಸುಯ್ಯೆಂದು ಹೊರಟ ಗಾಳಿ ನಿಲ್ಲಲೇ ಒಲ್ಲದು. ಲೋಕಯ್ಯಣ್ಣ ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡರು. "ಇಷ್ಟು ಇತ್ತಾ ಮಾರಾಯ್ರೆ ಒಳಗೆ!"

ಮಹಾಪೂಜೆ ತಪ್ಪಿತು. ಕುಪ್ಪಿಯ ತಳದಲ್ಲಿ ಉಳಿದಷ್ಟನ್ನು ದೀಪಕ್ಕೆ ಕೊಟ್ಟು ಕೈಮುಗಿದೆವು. ಬರುವಾಗ ಬಸ್ಸಿನಲ್ಲಿ ನಮ್ಮವರದು ಒಂದೇ ಮಾತು: "ಗಾಳಿ ತೆಗಿ ಅಂತ ಊರಿಗೆಲ್ಲ ಹೇಳುದು ನಾನು." "ಅವಸರ ಮಾಡಿದ್ದು ನಾನು," ಎಂದು ನಾನೂ ಒಪ್ಪಿಕೊಂಡೆ. ಅದನ್ನೂ ಅವರು ದೇವರ ಕೃಪೆಯೆಂದೇ ತಿಳಿದಿರಬೇಕು.

ಆ ವರ್ಷದ ಆಯುಧಪೂಜೆಗೆ ಫೋರ್ಕ್‌ಲಿಫ್ಟಿನ ಹಣೆಗೆ ಕುಂಕುಮ ಇಟ್ಟವಳು, ಕೂತು ತಟ್ಟೆಯ ನಟ್ಟುಗಳಿಗೂ ಒಂದು ಬಿಡದೆ ಇಟ್ಟೆ. "ಒಂದು ಮಳೆಗೆ ಹೋಗ್ತದೆ," ಎಂದು ನಕ್ಕ ನಮ್ಮವರು ಮಾರನೆಯ ದಿನ ಕೆಂಪು ಪೈಂಟಿನ ಡಬ್ಬಿ ತಂದು ಆ ನಟ್ಟುಗಳಿಗೆ ಬಳಿದರು. ಕೆಂಪು ಕಂಡಲ್ಲಿ ಗಾಳಿ ತೆಗೆಯದೆ ಕೈ ಹಾಕುವಂತಿಲ್ಲ. ಈಗ ಅಂಗಡಿಗೆ ಬರುವ ಇಂಥ ಯಾವ ಚಕ್ರವೂ ಕುಂಕುಮವಿಲ್ಲದೆ ಹೋಗುವುದಿಲ್ಲ.

ಇವತ್ತೂ ಹೊರಡುವ ಹೊತ್ತಿಗೇ ಲೋಕಯ್ಯಣ್ಣ ಗಾಡಿ ತಂದು ನಿಲ್ಲಿಸಿದ್ದಾರೆ, ಸವೆದ ಟಯರು ಬದಲಿಸಬೇಕಂತೆ.

"ಹತ್ತು ನಿಮಿಷ!" ಎಂದು ನಮ್ಮವರು ಅಂಗಡಿಯಿಂದ ಕೂಗಿದರು.

"ಅರ್ಧ ಗಂಟೆ ಆಗ್ಲಿ," ಎಂದೆ. "ದೇವರೆಲ್ಲಿಗೂ ಹೋಗುದಿಲ್ಲ."

ಲೋಕಯ್ಯಣ್ಣ ಜೋರಾಗಿ ನಕ್ಕದ್ದು ಕೇಳಿಸಿತು. ಅದರ ಹಿಂದೆಯೇ ಸುಯ್ಯೆಂಬ ಸದ್ದು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದೇನೆ. ಆ ಸದ್ದು ಪೂರ್ತಿ ನಿಲ್ಲಲಿ, ಆಮೇಲೆ ಚಪ್ಪಲಿ ಹಾಕಿಕೊಳ್ಳುತ್ತೇನೆ.