ಇಬ್ಬರು ಹೋಗಿ ಒಬ್ಬರು ಬರುವುದು

ಶ್ರಾಪ್‌ಶೈರಿನ ಗುಡ್ಡಗಳಲ್ಲಿ ಮೂವತ್ತೊಂದು ವರ್ಷ ಟಪಾಲು ಹಂಚಿದ ಲೆನ್ ಗಿಟಿನ್ಸ್‌ಗೆ ಕ್ಯಾಮೆರಾ ಹುಚ್ಚು ಹಿಡಿಸಿದ್ದು ಸೈಕಲ್ಲಿಗೆ ಅಡ್ಡ ಬಂದ ಒಂದು ಕಾಡುಮೊಲ. ಆಮೇಲೆ ನರಿಮರಿ, ಗೂಬೆ, ಮಿಂಚುಳ್ಳಿ, ಊರ ಸುತ್ತಲಿನ ಯಾವುದನ್ನೂ ಆತ ಬಿಡಲಿಲ್ಲ. ದೂರದ ಕಾಡುಗಳ ಆಸೆ ಅವನಿಗಿರಲಿಲ್ಲ. ಸಂಜೆಯ ಚಹಾದ ಹೊತ್ತಿಗೆ ಮನೆ ಮುಟ್ಟುವಂತಿರಬೇಕು, ಅಷ್ಟೇ.

ಹಕ್ಕಿಗಳಿಗೆ ಎಣಿಸಲು ಬಾರದು. ಗೂಡಿನ ಹತ್ತಿರ ಅಡಗಿ ಕೂತು ಫೋಟೋ ತೆಗೆಯಲು ಹಾಕಿದ ಹಸಿರು ಬಟ್ಟೆಯ ಮರೆಗುಡಾರಕ್ಕೆ ಇಬ್ಬರು ಹೋಗಿ ಒಬ್ಬರು ಹಿಂದಿರುಗಿದರೆ ಸಾಕು, ಮನುಷ್ಯರ ಕಾಟ ತಪ್ಪಿತೆಂದು ಗೂಡಿಗೆ ಬಂದು ಕೂರುತ್ತವೆ. ಫೋಟೋ ತೆಗೆದು ಮುಗಿದ ಮೇಲೂ ಹಾಗೆಯೇ. ಹಿಂದಿರುಗಿ ಹೋಗಿದ್ದವರು ಮತ್ತೆ ದೂರದಿಂದ ನಡೆದು ಬಂದು ಹಕ್ಕಿಯನ್ನು ಎಬ್ಬಿಸಿದ ಮೇಲೆಯೇ ಒಳಗಿದ್ದವನು ಹೊರಬೀಳಬೇಕು. ಪಕ್ಕದಲ್ಲೇ ಮನುಷ್ಯ ದಿಢೀರನೆ ಎದ್ದರೆ ಹಕ್ಕಿ ಬೆದರಿ ಗೂಡನ್ನೇ ಬಿಟ್ಟೀತು. ಈ ಓಡಾಟವೆಲ್ಲ ಹೆಂಡತಿ ಓಲ್ವೆನ್‌ಳ ಪಾಲಿನದು.

"ಗಂಡನ ಜೊತೆ ಸುತ್ತಾಡೋಕೆ ಹೋಗ್ತಾಳೆ ಅಂತಾರೆ ಊರವರು. ನಾನು ಹೋಗೋದೇ ವಾಪಸ್ ಬರೋಕೆ!" ಎಂದು ಅವಳು ಗೊಣಗುತ್ತಿದ್ದಳು. ಗೊಣಗುತ್ತಲೇ ಪ್ರತಿ ವಸಂತದಲ್ಲೂ ಬಂದಳು. ತಾನು ಹೊರಟೆನೆಂದು ಹಕ್ಕಿಗೆ ತಿಳಿಯಲಿ ಎಂದು ಅಪಸ್ವರದಲ್ಲಿ ಹಾಡುತ್ತ ಇಳಿಜಾರು ಇಳಿಯುವಳು. ಗುಡಾರದೊಳಗೆ ಲೆನ್ ಬಾಯಿ ಮುಚ್ಚಿಕೊಂಡು ನಗುವನು. ಎಂಥ ಚೆಂದದ ವಸಂತಗಳು ಅವು!

ಬಾಗುಕೊಕ್ಕಿನ ಕರ್ಲ್ಯೂ ಹಕ್ಕಿಯೊಂದು ಮಾತ್ರ ಅವನಿಗೆ ದಕ್ಕಿರಲಿಲ್ಲ. ಒಂದು ಕಾಲಕ್ಕೆ ಗುಡ್ಡದ ತುಂಬ ಅದರದೇ ಕೂಗು. ಅವನು ಕೊನೆಗೂ ಅದರ ಗೂಡಿನತ್ತ ಹೊರಟ ವರ್ಷ ಉಳಿದದ್ದು ಒಂದೇ ಜೋಡಿ. ಓಲ್ವೆನ್ ಅದರ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದಳು. ಲೆನ್ ಸಂಕೋಚಪಡುತ್ತಲೇ ಗುಡಾರದವರೆಗೆ ಬಂದು ಬಿಟ್ಟು ಹೋಗುತ್ತೀಯಾ ಎಂದು ಕುರಿ ಸಾಕುವ ಎಮ್ರಿಸ್‌ನನ್ನು ಕೇಳಿದ.

"ಹಕ್ಕಿಗೆ ಟೋಪಿ ಹಾಕೋಕೆ ನಾನು ಬೇಕಾ? ನಡಿಯಯ್ಯಾ ಪೋಸ್ಟು," ಎಂದ ಎಮ್ರಿಸ್. ಬೆಳಿಗ್ಗೆ ಜೊತೆಗೆ ಬಂದು, ಇವನನ್ನು ಒಳಗೆ ಕೂರಿಸಿ, ನಾಯಿಯನ್ನು ಬೈಯುತ್ತ ಇಳಿದು ಹೋದ.

ಅರ್ಧ ಗಂಟೆಗೆ ಕರ್ಲ್ಯೂ ಬಂತು. ಉದ್ದ ಕೊಕ್ಕಿನಿಂದ ನಾಲ್ಕು ಮೊಟ್ಟೆಗಳನ್ನೂ ಹೊರಳಿಸಿ ಕೂತಿತು. ಲೆನ್ ಉಸಿರು ಹಿಡಿದು ಕ್ಯಾಮೆರಾದ ಗುಂಡಿ ಒತ್ತಿದ. ಮಧ್ಯಾಹ್ನದ ಹೊತ್ತಿಗೆ ರೀಲು ಮುಗಿಯಿತು. ಜನ್ಮದ ಆಸೆ ತೀರಿತು. ಕ್ಯಾಮೆರಾ ಚೀಲಕ್ಕೆ ಸೇರಿಸಿ ಕಾಯುತ್ತ ಕುಳಿತ.

ಎರಡು ಗಂಟೆಯಾಯಿತು, ಮೂರಾಯಿತು. ಮಂಡಿ ಮರಗಟ್ಟಿತು. ಆಗ ಹೊಳೆಯಿತು: ಬಿಟ್ಟು ಹೋಗು ಎಂದಷ್ಟೇ ಎಮ್ರಿಸ್‌ಗೆ ಹೇಳಿದ್ದ. ಕರೆಯಲು ಬಾ ಎಂದು ಹೇಳಿಯೇ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಎದ್ದರೆ ಆ ಕೊನೆಯ ಗೂಡು ಹಾಳಾದೀತು. ಕೂತೇ ಇದ್ದ.

ಇಳಿಹೊತ್ತಿಗೆ ಕುರಿ ಹುಡುಕುತ್ತ ಎಮ್ರಿಸ್ ಮೇಲೆ ಬಂದ. ಹಕ್ಕಿ ಕೂಗುತ್ತ ಎದ್ದು ಹೋಯಿತು.

"ಅಯ್ಯೋ, ಇನ್ನೂ ಇಲ್ಲೇ ಇದೀಯಾ? ಸಿಗಲಿಲ್ವಾ ನಿನ್ನ ಹಕ್ಕಿ?"

"ಮಧ್ಯಾಹ್ನಾನೇ ಸಿಕ್ತು." ಲೆನ್ ತೆವಳಿಕೊಂಡು ಹೊರಬಂದ. "ಕರೆಯೋಕೆ ಅವಳು ಬರ್ತಾಳೆ ಅಂತ ಕೂತುಬಿಟ್ಟೆ, ಎಮ್ರಿಸ್."

ಅವಳನ್ನು ಮಣ್ಣು ಮಾಡಿದ ದಿನ ಅಳದಿದ್ದವನು ಈಗ ಹುಲ್ಲಿನ ಮೇಲೆ ಕುಳಿತು ಗಳಗಳನೆ ಅತ್ತ. ಎಮ್ರಿಸ್ ಚೀಲವನ್ನು ಹೆಗಲಿಗೇರಿಸಿ ಅವನ ತೋಳು ಹಿಡಿದ.

"ಕೆಳಗೆ ಹೋಗಿ ಅಳೋಣ ಬಾರಯ್ಯಾ. ಮೊಟ್ಟೆ ತಣ್ಣಗಾಗುತ್ತೆ."